ಟೇಪರ್ ಎಂಬ ಪದ ಮತ್ತು ಅಕ್ಕನ ಜಡೆ



ಕಡಿಮೆಯಾಗುವುದನ್ನು ಹೇಳಲು ಕನ್ನಡದಲ್ಲಿ ಎಷ್ಟು ಕ್ರಿಯಾಪದಗಳಿವೆ ಎಂದು ಎಂದಾದರೂ ಎಣಿಸಿ ನೋಡಿದ್ದೀರಾ? ಕೆರೆ ಬತ್ತುತ್ತದೆ, ನೀರು ಇಂಗುತ್ತದೆ, ಜ್ವರ ಇಳಿಯುತ್ತದೆ, ಬಿಸಿ ಆರುತ್ತದೆ, ಬಣ್ಣ ಮಾಸುತ್ತದೆ, ಚಪ್ಪಲಿ ಸವೆಯುತ್ತದೆ, ದನಿ ಉಡುಗುತ್ತದೆ, ಮೈ ಸೊರಗುತ್ತದೆ, ಮನಸ್ಸು ಕುಗ್ಗುತ್ತದೆ, ಬಹುಳ ಪಕ್ಷದ ಚಂದ್ರ ಕ್ಷೀಣಿಸುತ್ತಾನೆ. ಒಂದಕ್ಕೆ ಸಲ್ಲುವ ಮಾತು ಇನ್ನೊಂದಕ್ಕೆ ಸಲ್ಲುವುದಿಲ್ಲ. ಕೆರೆ ಮಾಸಿತು ಎಂದರೆ ಯಾರಿಗೂ ಅರ್ಥವಾಗದು. ಚಪ್ಪಲಿ ಇಂಗಿತು ಎಂದರೆ ನಗುತ್ತಾರೆ. ಯಾವ ವಸ್ತು ಯಾವ ಬಗೆಯಲ್ಲಿ ಕಡಿಮೆಯಾಗುತ್ತದೆ ಎಂಬುದನ್ನು ನಮ್ಮ ಹಿರಿಯರು ಅಷ್ಟು ಸೂಕ್ಷ್ಮವಾಗಿ ಗಮನಿಸಿ ಒಂದೊಂದಕ್ಕೂ ಅದರದೇ ಆದ ಮಾತನ್ನು ಇಟ್ಟಿದ್ದಾರೆ.

ಆದರೆ ಇವೆಲ್ಲವೂ ತಾವಾಗಿಯೇ ಕಡಿಮೆಯಾಗುವ ಸಂಗತಿಗಳು. ಕೆರೆಯನ್ನು ಯಾರೂ ಲೆಕ್ಕ ಹಾಕಿ ಬತ್ತಿಸುವುದಿಲ್ಲ. ಮನುಷ್ಯನು ಉದ್ದೇಶಪೂರ್ವಕವಾಗಿ, ಇಂತಿಷ್ಟು ದಿನಕ್ಕೆ ಇಂತಿಷ್ಟೆಂದು ಅಳತೆ ಮಾಡಿಕೊಂಡು, ಕೊನೆಗೆ ಸೊನ್ನೆಯನ್ನು ಮುಟ್ಟುವ ಗುರಿಯಿಂದ ಒಂದನ್ನು ಕಡಿಮೆ ಮಾಡುತ್ತಾ ಹೋಗುವುದಕ್ಕೆ ಏನೆನ್ನಬೇಕು? ಇಳಿಸು, ತಗ್ಗಿಸು ಎನ್ನಬಹುದು. ಆದರೆ ಒಮ್ಮೆಗೇ ಇಳಿಸಿದರೂ ಅದು ಇಳಿಸಿದ್ದೇ. ಆ ಮಾತುಗಳಲ್ಲಿ ನಿಧಾನವಿಲ್ಲ, ಮೆಟ್ಟಿಲುಗಳಿಲ್ಲ. ಇವೆರಡನ್ನೂ ಒಳಗೊಂಡ ಒಂದು ಇಂಗ್ಲಿಷ್ ಪದವನ್ನು ನಾನು ನನ್ನ ಎಪ್ಪತ್ತನೆಯ ವಯಸ್ಸಿನಲ್ಲಿ ಕಲಿತೆ. ಅದು ‘ಟೇಪರ್’.

ಪದ ನನಗೆ ಪೂರ್ತಿ ಅಪರಿಚಿತವಾಗಿತ್ತೆಂದಲ್ಲ. ಬಡಗಿಗಳ ಬಾಯಲ್ಲಿ, ಲೇತ್ ಯಂತ್ರದ ಮುಂದೆ ದುಡಿಯುವವರ ಬಾಯಲ್ಲಿ ಅದನ್ನು ಕೇಳಿದ್ದೆ. ಮೇಜಿನ ಕಾಲನ್ನು ಮೇಲಿನಿಂದ ಕೆಳಕ್ಕೆ ಸಣ್ಣಗಾಗುತ್ತಾ ಬರುವಂತೆ ಕೊರೆದರೆ ಅದು ಟೇಪರ್. ಶಂಕುವಿನ ಪಾಠ ಮಾಡುವಾಗ ನಾನೂ ಈ ಮಾತನ್ನು ಹೇಳಿದ್ದುಂಟು. ಆಕಾರವನ್ನು ಸೂಚಿಸುವ ಈ ಪದ ಕಾಲವನ್ನೂ ಸೂಚಿಸಬಲ್ಲದು, ಅದೊಂದು ಆಜ್ಞೆಯಾಗಿ ವೈದ್ಯರ ಚೀಟಿಯ ಮೇಲೆ ಬರಬಲ್ಲದು ಎಂಬುದು ಮಾತ್ರ ತಿಳಿದದ್ದು 2022ರ ಮಾರ್ಚ್ ತಿಂಗಳಿನಲ್ಲಿ, ನನ್ನ ಅಕ್ಕನ ಕಾಯಿಲೆಯ ನಿಮಿತ್ತದಿಂದ.

ಅಕ್ಕ ನನಗಿಂತ ಆರು ವರ್ಷ ದೊಡ್ಡವಳು. ಬಂಧುಗಳಾದವರು ಅವಳನ್ನು ಬಲ್ಲಿರಿ. ವಿದ್ಯಾರ್ಥಿಗಳಲ್ಲಿಯೂ ಹಲವರು ನಮ್ಮ ಮನೆಗೆ ಲೆಕ್ಕ ಹೇಳಿಸಿಕೊಳ್ಳಲು ಬಂದಾಗ ಅವಳ ಕೈಯ ಅವಲಕ್ಕಿ ತಿಂದಿದ್ದೀರಿ. ಓದಿದ್ದು ನಾಲ್ಕನೆಯ ತರಗತಿಯವರೆಗೆ. ಎಪ್ಪತ್ತಾರು ವರ್ಷಗಳ ಆ ವಯಸ್ಸಿನಲ್ಲಿಯೂ ತೋಟಕ್ಕೆ ಹೋಗಿ ಹೂ ಬಿಡಿಸಿ ತರುತ್ತಿದ್ದಳು. ಆ ವರ್ಷದ ಆರಂಭದಲ್ಲಿ ಅವಳಿಗೆ ಹೆಗಲುಗಳಲ್ಲಿಯೂ ಸೊಂಟದ ಸುತ್ತಲೂ ನೋವು ಕಾಣಿಸಿಕೊಂಡಿತು. ಬೆಳಿಗ್ಗೆ ಏಳುವಾಗ ಮೈ ಮರಗಟ್ಟಿದಂತಿರುತ್ತಿತ್ತು. ಮಗ್ಗುಲು ತಿರುಗಲು ಸಹ ಇನ್ನೊಬ್ಬರ ಸಹಾಯ ಬೇಕಾಗುತ್ತಿತ್ತು. ಬಿಸಿಲೇರಿದ ಮೇಲೆ ಸ್ವಲ್ಪ ಸಡಿಲವಾಗುತ್ತಿತ್ತು. ವಯಸ್ಸಿನ ನೋವು ಎಂದು ಎಣ್ಣೆ ಹಚ್ಚಿ, ಬಿಸಿನೀರು ಹಾಕಿದ್ದಾಯಿತು. ಅವಳನ್ನು ಎಲ್ಲಕ್ಕಿಂತ ಹೆಚ್ಚು ಕುಗ್ಗಿಸಿದ್ದು ಒಂದೇ ಸಂಗತಿ: ಕೈಗಳು ತಲೆಯವರೆಗೆ ಏಳುತ್ತಿರಲಿಲ್ಲ. ಜೀವಮಾನದಲ್ಲಿ ಮೊದಲ ಬಾರಿಗೆ ಅವಳ ತಲೆಯನ್ನು ಇನ್ನೊಬ್ಬರು ಬಾಚಬೇಕಾಯಿತು. ಸೊಸೆ ಪ್ರೀತಿಯಿಂದಲೇ ಬಾಚುತ್ತಿದ್ದಳು. ಅಕ್ಕ ಮಾತ್ರ ಗೋಡೆಯ ಕಡೆ ಮುಖ ಮಾಡಿ ಕುಳಿತು, ಆ ಹೊತ್ತಿನಲ್ಲಿ ಯಾರೊಡನೆಯೂ ಮಾತನಾಡುತ್ತಿರಲಿಲ್ಲ.

ಶಿವಮೊಗ್ಗೆಯ ವೈದ್ಯರೊಬ್ಬರು ರಕ್ತಪರೀಕ್ಷೆ ಮಾಡಿಸಿದರು. ಇ.ಎಸ್.ಆರ್. ಬಹಳ ಏರಿತ್ತು. ತಲೆನೋವು ಇದೆಯೇ, ಅಗಿಯುವಾಗ ದವಡೆ ನೋಯುತ್ತದೆಯೇ, ಕಣ್ಣು ಮಂಜಾಗುತ್ತದೆಯೇ ಎಂದು ಒಂದೊಂದಾಗಿ ಕೇಳಿದರು. ಇಲ್ಲವೆಂದು ಖಚಿತವಾದ ಮೇಲೆ ಕಾಯಿಲೆಯ ಹೆಸರು ಹೇಳಿದರು: ಪಾಲಿಮಯಾಲ್ಜಿಯಾ ರುಮ್ಯಾಟಿಕಾ. ಐವತ್ತು ದಾಟಿದವರಲ್ಲಿ, ಅದರಲ್ಲಿಯೂ ಹೆಂಗಸರಲ್ಲಿ ಹೆಚ್ಚಾಗಿ ಬರುವ ಉರಿಯೂತದ ಕಾಯಿಲೆ. ಪ್ರೆಡ್ನಿಸೋಲೋನ್ ಎಂಬ ಸ್ಟೀರಾಯ್ಡ್ ಮಾತ್ರೆಯನ್ನು ದಿನಕ್ಕೆ 15 ಮಿಲಿಗ್ರಾಮಿನಂತೆ ಬರೆದುಕೊಟ್ಟರು. ಚೀಟಿಯ ಕೆಳಗೆ ಇಂಗ್ಲಿಷಿನಲ್ಲಿ, ಹೇಳಿದಂತೆ ಟೇಪರ್ ಮಾಡಿ ಎಂದು ಬರೆದು ಅಡಿಗೆರೆ ಎಳೆದಿದ್ದರು.

ಮಾತ್ರೆಯ ಪರಿಣಾಮವನ್ನು ಕಣ್ಣಾರೆ ಕಾಣದಿದ್ದರೆ ನಂಬುತ್ತಿರಲಿಲ್ಲ. ನಾಲ್ಕನೆಯ ಬೆಳಿಗ್ಗೆ ಅಕ್ಕ ತಾನೇ ಎದ್ದು, ಕನ್ನಡಿಯ ಮುಂದೆ ನಿಂತು, ಎರಡೂ ಕೈಗಳನ್ನು ಹಿಂದಕ್ಕೆ ಒಯ್ದು ಜಡೆ ಹೆಣೆದುಕೊಂಡಳು. ಈ ಕಾಯಿಲೆಯಲ್ಲಿ ಸ್ಟೀರಾಯ್ಡ್ ಹೀಗೆ ಕೆಲವೇ ದಿನಗಳಲ್ಲಿ ಕೆಲಸ ಮಾಡುವುದು ಸಾಮಾನ್ಯವೆಂದು ವೈದ್ಯರು ಆಮೇಲೆ ತಿಳಿಸಿದರು.

ನಿಜವಾದ ತೊಂದರೆ ಅಲ್ಲಿಂದ ಪ್ರಾರಂಭವಾಯಿತು. ತಿಂಗಳು ಕಳೆಯುವುದರೊಳಗೆ ಅಕ್ಕನ ಮುಖ ದುಂಡಗೆ ಊದಿಕೊಂಡಿತು. ಹಸಿವು ಹೆಚ್ಚಿತು, ನಿದ್ರೆ ಕಡಿಮೆಯಾಯಿತು, ರಕ್ತದ ಸಕ್ಕರೆ ಏರಿತು. ನೋಡಲು ಬಂದವರೆಲ್ಲ ಸ್ಟೀರಾಯ್ಡ್ ಎಂದರೆ ವಿಷವೆಂದು ಹೇಳಿ ಹೋದರು. ಒಂದು ಸಂಜೆ ಅವಳು ನನ್ನನ್ನು ಕರೆದು ಹೇಳಿದಳು: “ನೋವು ಹೋಯಿತಲ್ಲೋ ತಮ್ಮಾ. ಇನ್ನು ಈ ಮಾತ್ರೆ ಯಾಕೆ? ನಾಳೆಯಿಂದ ನಾನು ತಗೊಳ್ಳೋದಿಲ್ಲ.”

ಅಕ್ಕ ಒಂದನ್ನು ಬಿಡುತ್ತೇನೆಂದರೆ ಬಿಟ್ಟಳೆಂದೇ ಅರ್ಥ. ಭಾವ ತೀರಿಕೊಂಡ ವರ್ಷ ಕಾಫಿ ಬಿಟ್ಟವಳು ಮತ್ತೆ ಮುಟ್ಟಿರಲಿಲ್ಲ. ನನಗೆ ಗಾಬರಿಯಾಯಿತು. ರಾತ್ರಿಯೇ ವೈದ್ಯರಿಗೆ ಫೋನ್ ಮಾಡಿದೆ. ಅವರು ಬೇಸರಿಸದೆ ವಿವರಿಸಿದ್ದನ್ನು ನಿಮಗೂ ಹೇಳುತ್ತೇನೆ, ತಿಳಿದಿರಬೇಕಾದ ಸಂಗತಿ.

ನಮ್ಮ ಎರಡು ಮೂತ್ರಪಿಂಡಗಳ ತಲೆಯ ಮೇಲೆ ಟೊಪ್ಪಿಗೆ ಇಟ್ಟಂತೆ ಅಡ್ರಿನಲ್ ಎಂಬ ಎರಡು ಪುಟ್ಟ ಗ್ರಂಥಿಗಳಿವೆ. ಅವು ಕಾರ್ಟಿಸಾಲ್ ಎಂಬ ರಸವನ್ನು ಪ್ರತಿದಿನವೂ ತಯಾರಿಸುತ್ತವೆ. ರಕ್ತದೊತ್ತಡ ನಿಲ್ಲುವುದಕ್ಕೆ, ಜ್ವರ, ಪೆಟ್ಟು, ಶಸ್ತ್ರಚಿಕಿತ್ಸೆ ಮುಂತಾದ ಕಷ್ಟಗಳನ್ನು ದೇಹ ತಾಳಿಕೊಳ್ಳುವುದಕ್ಕೆ ಅದು ಬೇಕೇಬೇಕು. ಎಷ್ಟು ತಯಾರಿಸಬೇಕೆಂಬ ಅಪ್ಪಣೆ ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯಿಂದ ಬರುತ್ತದೆ. ನಾವು ನುಂಗುವ ಪ್ರೆಡ್ನಿಸೋಲೋನ್ ಇದೇ ಕಾರ್ಟಿಸಾಲಿನ ಬಳಗದ್ದು. ಹೊರಗಿನಿಂದ ಧಾರಾಳವಾಗಿ ಸರಬರಾಜಾಗುತ್ತಿರುವುದನ್ನು ಕಂಡು ಪಿಟ್ಯುಟರಿ ಅಪ್ಪಣೆ ಕಳಿಸುವುದನ್ನು ನಿಲ್ಲಿಸುತ್ತದೆ. ಅಪ್ಪಣೆ ಬಾರದ ಅಡ್ರಿನಲ್ ಗ್ರಂಥಿ ಕೆಲಸ ಮರೆತು ಮಲಗುತ್ತದೆ. ವಾರಗಳು ಕಳೆದಂತೆ ಗಾತ್ರದಲ್ಲಿಯೂ ಕುಗ್ಗುತ್ತದೆ. ಇಂಥ ಸ್ಥಿತಿಯಲ್ಲಿ ಮಾತ್ರೆಯನ್ನು ಒಮ್ಮೆಗೇ ನಿಲ್ಲಿಸಿದರೆ ಹೊರಗಿನದೂ ಇಲ್ಲ, ಒಳಗಿನದೂ ಇಲ್ಲ. ತೀವ್ರ ನಿಶ್ಶಕ್ತಿ, ವಾಂತಿ, ರಕ್ತದೊತ್ತಡದ ಕುಸಿತ, ಕೆಲವೊಮ್ಮೆ ಪ್ರಾಣಾಪಾಯ.

ಅಧ್ಯಾಪಕನಾದ ನನಗೆ ಇದು ಅರ್ಥವಾದದ್ದು ತರಗತಿಯ ಭಾಷೆಯಲ್ಲಿ. ವರ್ಷವಿಡೀ ಟ್ಯೂಷನ್ ಮೇಷ್ಟರು ಬರೆಸಿದ ಉತ್ತರವನ್ನೇ ಬರೆದ ಹುಡುಗನಿಗೆ ಪರೀಕ್ಷೆಯ ಮುನ್ನಾದಿನ ಟ್ಯೂಷನ್ ಬಿಡಿಸಿದರೆ ಅವನ ಗತಿಯೇನು? ಮೊದಲು ಕೊನೆಯ ಒಂದು ಸಾಲನ್ನು ಅವನೇ ಬರೆಯಲಿ, ಮುಂದಿನ ವಾರ ಎರಡು ಸಾಲು, ಹೀಗೆ ಬಿಡಿಸುತ್ತಾ ಬರಬೇಕು. ಮಲಗಿದ ಗ್ರಂಥಿಯನ್ನೂ ಹೀಗೆಯೇ ಎಬ್ಬಿಸಬೇಕು. ಇದು ಒಂದು ಕಾರಣ. ಕಾಯಿಲೆಯ ಉರಿ ಒಳಗೆ ಇನ್ನೂ ಆರಿರುವುದಿಲ್ಲ, ಮಾತ್ರೆ ಅದನ್ನು ಅದುಮಿ ಹಿಡಿದಿರುತ್ತದೆ ಎಂಬುದು ಎರಡನೆಯ ಕಾರಣ. ಅಮೆರಿಕದ ಮೇಯೊ ಕ್ಲಿನಿಕ್ಕಿನಲ್ಲಿ ಫಿಲಿಪ್ ಹೆಂಚ್ ಮತ್ತು ಅವರ ಸಹೋದ್ಯೋಗಿಗಳು 1948ರಲ್ಲಿ ಸಂಧಿವಾತದ ರೋಗಿಗೆ ಮೊದಲ ಬಾರಿ ಕಾರ್ಟಿಸೋನ್ ಕೊಟ್ಟಾಗ, ಹಾಸಿಗೆ ಹಿಡಿದಿದ್ದವರು ಕೆಲವೇ ದಿನಗಳಲ್ಲಿ ನಡೆದಾಡಿದ್ದು ಜಗತ್ತನ್ನು ಬೆರಗುಗೊಳಿಸಿತು. 1950ರಲ್ಲಿ ಹೆಂಚ್, ಕೆಂಡಾಲ್ ಮತ್ತು ರೈಕ್‌ಸ್ಟೈನ್ ಅವರಿಗೆ ನೊಬೆಲ್ ಪಾರಿತೋಷಕವೂ ಬಂತು. ಆದರೆ ಮದ್ದು ನಿಲ್ಲಿಸಿದೊಡನೆ ನೋವು ಮರಳುತ್ತದೆ, ಹೆಚ್ಚು ಕಾಲ ಕೊಟ್ಟರೆ ಬೇರೆ ತೊಂದರೆಗಳು ಬರುತ್ತವೆ ಎಂಬ ಪಾಠವನ್ನೂ ವೈದ್ಯರು ಆ ವರ್ಷಗಳಲ್ಲಿಯೇ ಕಲಿತರು. ಮುಂದುವರಿಸುವುದೂ ಕಷ್ಟ, ನಿಲ್ಲಿಸುವುದೂ ಕಷ್ಟ. ಆ ಎರಡು ಕಷ್ಟಗಳ ನಡುವಿನ ಕಾಲುದಾರಿಯೇ ಟೇಪರ್.

ಇಷ್ಟನ್ನೆಲ್ಲ ಅಕ್ಕನಿಗೆ ಹೇಗೆ ಹೇಳುವುದು? ಪದದ ಮೂಲ ಹುಡುಕಿದರೆ ಉಪಮೆಯಾದರೂ ಸಿಕ್ಕೀತೆಂದು ನಿಘಂಟು ತೆರೆದೆ. ಹಳೆಯ ಇಂಗ್ಲಿಷಿನಲ್ಲಿ ಟೇಪರ್ ಎಂದರೆ ಮೇಣದ ಬತ್ತಿ. ಬತ್ತಿಯ ನೂಲನ್ನು ಕರಗಿದ ಮೇಣದಲ್ಲಿ ಅದ್ದಿ ಅದ್ದಿ ತೆಗೆಯುವಾಗ ಮೇಣವು ಕೆಳಕ್ಕೆ ಇಳಿದು ಬುಡ ದಪ್ಪವಾಗಿಯೂ ತುದಿ ಸಣ್ಣದಾಗಿಯೂ ನಿಲ್ಲುತ್ತದೆ. ಆ ಆಕಾರದಿಂದ ಸಣ್ಣಗಾಗುತ್ತಾ ಹೋಗು ಎಂಬ ಕ್ರಿಯಾಪದ ಹುಟ್ಟಿತು. ಹಿಂದೆ ಬತ್ತಿಗೆ ಪಪೈರಸ್ ಎಂಬ ಜೊಂಡನ್ನು ಬಳಸುತ್ತಿದ್ದುದರಿಂದ ಆ ಹೆಸರೇ ಮಾರ್ಪಟ್ಟು ಟೇಪರ್ ಆಗಿರಬೇಕೆಂದು ಹಲವು ನಿಘಂಟುಕಾರರ ಅಭಿಪ್ರಾಯ. ಹಾಗಾದರೆ ಕಾಗದವನ್ನು ಸೂಚಿಸುವ ಪೇಪರ್ ಕೂಡ ಇದರ ದಾಯಾದಿಯೇ. ಬತ್ತಿ ಎಂಬುದನ್ನು ಕಂಡಾಗ ನನಗೆ ಕ್ಷಣಕಾಲ ಹಿಗ್ಗಾಯಿತು. ಕನ್ನಡದಲ್ಲಿ ಬತ್ತಿ, ಬತ್ತು ಎಂಬ ಎರಡು ಮಾತುಗಳು ಅಕ್ಕಪಕ್ಕದಲ್ಲಿಯೇ ಇವೆಯಲ್ಲ! ಆದರೆ ಬತ್ತಿ ಸಂಸ್ಕೃತದ ವರ್ತಿಯಿಂದ ಬಂದದ್ದು, ಬತ್ತು ಎಂಬುದು ಅಚ್ಚ ದ್ರಾವಿಡ ಧಾತು. ಧ್ವನಿಯಲ್ಲಿ ನೆರೆಹೊರೆ, ಕುಲದಲ್ಲಿ ಬೇರೆ.

ನಿಘಂಟಿನ ಈ ಬತ್ತಿ ಅಕ್ಕನ ಮುಂದೆ ಉರಿಯಲಿಲ್ಲ. ಮರುದಿನ ಬೆಳಿಗ್ಗೆ ಹೋಗಿ, ಮೇಣದ ಬತ್ತಿಯಂತೆ ಎಂದು ಪ್ರಾರಂಭಿಸಿದಾಗ, “ಮೇಣದ ಬತ್ತಿ ಕೊನೆಗೆ ಆರಿಹೋಗ್ತದಲ್ಲೋ” ಎಂದಳು. ಗ್ರಂಥಿ ಮಲಗಿದೆ ಎಂದೆ. ಟ್ಯೂಷನ್ನಿನ ಹುಡುಗನ ಕಥೆ ಹೇಳಿದೆ. ಕೇಳುತ್ತಾ ಅವಳು ತನ್ನ ಜಡೆಯನ್ನು ಹೆಗಲ ಮೇಲಿಂದ ಮುಂದಕ್ಕೆ ತೆಗೆದು ಹೆಣೆಯುತ್ತಿದ್ದಳು. ಸ್ವಲ್ಪ ಹೊತ್ತು ಸುಮ್ಮನಿದ್ದು, ಕೈಯಲ್ಲಿದ್ದುದನ್ನು ನೋಡಿ ಅವಳೇ ಹೇಳಿದಳು:

“ಹಾಗಾದರೆ ಜಡೆ ಹೆಣೆದ ಹಾಗೆ ಅನ್ನು. ಬುಡದಲ್ಲಿ ದಪ್ಪ, ಬರ್ತಾ ಬರ್ತಾ ಸಣ್ಣ. ತುದಿಗೆ ಬಂದ ಮೇಲೆ ಎರಡೆಳೆ ಕೂದಲು ಸುತ್ತಿದರೆ ತಾನೇ ನಿಲ್ತದೆ. ನಡುವಿನಲ್ಲಿ ಕೈಬಿಟ್ಟರೆ ಹೆಣೆದದ್ದೆಲ್ಲ ಬಿಚ್ಚಿಕೊಳ್ತದೆ.”

ನಾನು ಮೂವತ್ತಕ್ಕೂ ಹೆಚ್ಚು ವರ್ಷ ಪಾಠ ಹೇಳಿದವನು. ಅದಕ್ಕಿಂತ ಸ್ಪಷ್ಟವಾದ ವಿವರಣೆಯನ್ನು ಕೊಡಲು ನನ್ನಿಂದ ಸಾಧ್ಯವಿರಲಿಲ್ಲ. ಆ ದಿನದ ಮಾತ್ರೆಯನ್ನು ಅವಳು ತಿಂಡಿಯಾದ ಮೇಲೆ ನುಂಗಿದಳು.

ಇನ್ನು ಲೆಕ್ಕದ ವಿಷಯ. ವೈದ್ಯರು ಹಾಕಿಕೊಟ್ಟ ಮೆಟ್ಟಿಲುಗಳು ಹೀಗಿದ್ದವು: ನಾಲ್ಕು ವಾರ 15 ಮಿಲಿಗ್ರಾಂ, ಮುಂದಿನ ನಾಲ್ಕು ವಾರ 12.5, ಆಮೇಲೆ 10. ಅಲ್ಲಿಂದ ಕೆಳಗೆ ಪ್ರತಿ ನಾಲ್ಕು ವಾರಕ್ಕೆ 1.25ರಂತೆ ಇಳಿಯಬೇಕು. ಅಷ್ಟು ಸಣ್ಣ ಮಾತ್ರೆ ಎಲ್ಲಿದೆ? ಅದಕ್ಕೊಂದು ಜಾಣತನದ ಉಪಾಯವಿದೆ. ಒಂದು ದಿನ 10, ಮರುದಿನ 7.5. ಸರಾಸರಿ 8.75. ನನ್ನ ವಿದ್ಯಾರ್ಥಿಗಳು ಇಲ್ಲಿ ಮುಗುಳ್ನಗುತ್ತಿರಬಹುದು; ಸರಾಸರಿಯ ಪಾಠದಿಂದ ಏನು ಪ್ರಯೋಜನ ಸಾರ್ ಎಂದು ಕೇಳಿದವರು ನಿಮ್ಮಲ್ಲಿಯೇ ಇದ್ದೀರಿ. ಬೆಸ ತಾರೀಕಿಗೆ ಹೆಚ್ಚು, ಸಮ ತಾರೀಕಿಗೆ ಕಡಿಮೆ ಎಂದು ನಿಯಮ ಮಾಡಿದರೆ 31ರ ಮರುದಿನ ಮತ್ತೆ 1 ಬಂದು ಎರಡು ಬೆಸ ದಿನಗಳು ಒಟ್ಟಿಗೆ ಬೀಳುತ್ತವೆ. ಅಕ್ಕ ತಾರೀಕಿನ ಗೊಡವೆಗೇ ಹೋಗಲಿಲ್ಲ. ಗೋಡೆಯ ಕ್ಯಾಲೆಂಡರಿನಲ್ಲಿ ದೊಡ್ಡ ಮಾತ್ರೆಯ ದಿನಕ್ಕೆ ಕುಂಕುಮದ ಬೊಟ್ಟು, ಸಣ್ಣ ಮಾತ್ರೆಯ ದಿನಕ್ಕೆ ಅರಿಸಿನದ ಬೊಟ್ಟು ಇಟ್ಟುಕೊಂಡಳು. ಹದಿನೈದು ತಿಂಗಳಲ್ಲಿ ಒಂದು ದಿನವೂ ತಪ್ಪಲಿಲ್ಲ.

ಹೌದು, ಹದಿನೈದು ತಿಂಗಳು. ಹತ್ತು ಮೆಟ್ಟಿಲು, ಮೆಟ್ಟಿಲಿಗೆ ನಾಲ್ಕು ವಾರವೆಂದರೆ ನಲವತ್ತು ವಾರಗಳಲ್ಲಿ ಮುಗಿಯಬೇಕಿತ್ತು. ಆದರೆ ನವರಾತ್ರಿಯ ವೇಳೆಗೆ 5ಕ್ಕೆ ಬಂದು, ಅಲ್ಲಿಂದ 3.75ಕ್ಕೆ ಇಳಿದಾಗ, ದೀಪಾವಳಿಯ ಹೊತ್ತಿಗೆ ಹೆಗಲಿನ ಬಿಗಿತ ಮರಳಿ ಕಾಣಿಸಿಕೊಂಡಿತು. ಅಭ್ಯಂಜನದ ದಿನ ಅವಳ ಕೈ ಮತ್ತೆ ತಲೆಯವರೆಗೆ ಏಳಲಿಲ್ಲ. ಅಂದು ಮನೆಯಲ್ಲಿ ಯಾರಿಗೂ ಹಬ್ಬದ ಊಟ ರುಚಿಸಲಿಲ್ಲ. ಇಷ್ಟು ತಿಂಗಳ ಶ್ರಮ ವ್ಯರ್ಥವಾಯಿತೆಂದೇ ನಾನು ಭಾವಿಸಿದೆ. ವೈದ್ಯರು ಮಾತ್ರ ವಿಚಲಿತರಾಗಲಿಲ್ಲ. “ಇದು ಹಲವರಲ್ಲಿ ಆಗುತ್ತದಮ್ಮಾ. ಮೊದಲಿನಿಂದ ಪ್ರಾರಂಭಿಸಬೇಕಾಗಿಲ್ಲ. ಒಂದು ಮೆಟ್ಟಿಲು ಮೇಲಕ್ಕೆ ಹೋಗಿ ಸ್ವಲ್ಪ ಕಾಲ ಅಲ್ಲೇ ನಿಲ್ಲೋಣ” ಎಂದರು. 5ಕ್ಕೆ ಮರಳಿ ಎಂಟು ವಾರ ನಿಂತದ್ದಾಯಿತು. ಅಲ್ಲಿಂದ ಮುಂದಿನ ಪ್ರತಿ ಮೆಟ್ಟಿಲಿಗೂ ನಾಲ್ಕರ ಬದಲು ಎಂಟು ವಾರ.

ಕೊನೆಯ ಮೆಟ್ಟಿಲುಗಳೇ ಏಕೆ ಕಷ್ಟ ಎಂಬುದು ನನಗೆ ಲೆಕ್ಕ ಮಾಡಿದಾಗ ತಿಳಿಯಿತು. 10ರಿಂದ 8.75ಕ್ಕೆ ಇಳಿದರೆ ಹೋಗುವುದು ಎಂಟರಲ್ಲಿ ಒಂದು ಭಾಗ. 5ರಿಂದ 3.75ಕ್ಕೆ ಇಳಿದರೆ ನಾಲ್ಕರಲ್ಲಿ ಒಂದು ಭಾಗ. 2.5ರಿಂದ 1.25ಕ್ಕೆ ಇಳಿದರೆ ಇದ್ದುದರಲ್ಲಿ ಅರ್ಧವೇ ಹೋಗುತ್ತದೆ. ಕಾಗದದ ಮೇಲೆ ಕಳೆಯುವ ಸಂಖ್ಯೆ ಒಂದೇ. ದೇಹಕ್ಕೆ ತಟ್ಟುವುದು ಅನುಪಾತ. ಹೆಚ್ಚಿರುವಾಗ ಕಳೆದುಕೊಳ್ಳುವುದು ಸುಲಭ, ಸ್ವಲ್ಪವೇ ಉಳಿದಾಗ ಅಷ್ಟನ್ನೇ ಕಳೆದುಕೊಳ್ಳುವುದು ದುಸ್ಸಾಧ್ಯ. ಮುಪ್ಪಿನಲ್ಲಿರುವ ನಮ್ಮಂಥವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆ ತಿಂಗಳುಗಳಲ್ಲಿ ನನಗೆ ಹೋದಲ್ಲೆಲ್ಲ ಟೇಪರ್ ಕಾಣಿಸತೊಡಗಿತು. ಅಡಿಕೆಯ ಮರದಲ್ಲಿ, ಬಿದಿರಿನಲ್ಲಿ, ದೇವಾಲಯದ ಗೋಪುರದಲ್ಲಿ. ನಮ್ಮ ಸಂಗೀತಶಾಸ್ತ್ರವು ಇದಕ್ಕೆ ಒಂದು ಸೊಗಸಾದ ಹೆಸರನ್ನೇ ಇಟ್ಟಿದೆ: ಗೋಪುಚ್ಛ ಯತಿ. ಗೋಪುಚ್ಛವೆಂದರೆ ಹಸುವಿನ ಬಾಲ; ತುದಿಯ ಕುಚ್ಚನ್ನು ಲೆಕ್ಕಕ್ಕೆ ಹಿಡಿಯದಿದ್ದರೆ ಮೇಲೆ ದಪ್ಪ, ಕೆಳಗೆ ಸಣ್ಣ. ಮುತ್ತುಸ್ವಾಮಿ ದೀಕ್ಷಿತರು ಆನಂದಭೈರವಿ ರಾಗದಲ್ಲಿ ರಚಿಸಿದ ‘ತ್ಯಾಗರಾಜ ಯೋಗ ವೈಭವಂ’ ಕೃತಿಯಲ್ಲಿ ಪಲ್ಲವಿಯ ಪದಗುಚ್ಛವೇ ಮುಂದಿನ ಅಕ್ಷರಗಳನ್ನು ಕಳಚಿಕೊಳ್ಳುತ್ತಾ ಕಿರಿದಾಗುತ್ತಾ ಬಂದು ಕಡೆಗೆ ಒಂದೇ ಅಕ್ಷರದಲ್ಲಿ ನಿಲ್ಲುತ್ತದೆ. ಅಚ್ಚರಿಯೆಂದರೆ ಪ್ರತಿ ಹಂತದಲ್ಲಿ ಉಳಿಯುವ ಮಾತಿಗೂ ಅರ್ಥವಿದೆ. ಕಿರಿದಾಗುವುದೆಂದರೆ ಕೆಡುವುದಲ್ಲ.

ವೈದ್ಯಕ್ಕೂ ಈ ವಿವೇಕ ಹೊಸದಲ್ಲ. ಚರಕಸಂಹಿತೆಯ ಸೂತ್ರಸ್ಥಾನದ ಏಳನೆಯ ಅಧ್ಯಾಯದಲ್ಲಿ, ಅಭ್ಯಾಸವಾಗಿಹೋದ ಅಹಿತವಾದದ್ದನ್ನು ಬಿಡುವಾಗ ಒಮ್ಮೆಗೇ ಬಿಡದೆ, ಕಾಲುಕಾಲು ಭಾಗದಂತೆ, ನಡುವೆ ದಿನಗಳ ಅಂತರವಿಟ್ಟು ಬಿಡಬೇಕೆಂದು ಹೇಳಿದೆ. ಕೂಸಿಗೆ ಹಾಲು ಬಿಡಿಸುವ ತಾಯಂದಿರು ಯಾವ ಸಂಹಿತೆಯನ್ನೂ ಓದದೆ ಇದನ್ನೇ ಮಾಡುತ್ತಾ ಬಂದಿದ್ದಾರೆ. ಹಗಲಿನ ಒಂದು ಹೊತ್ತು ಮೊದಲು, ರಾತ್ರಿಯ ಹೊತ್ತು ಕೊನೆಗೆ.

ಹೀಗಿರುವಾಗ ನಾವು ಮನುಷ್ಯರ ಕೆಲಸವನ್ನು ಮಾತ್ರ ಏಕೆ ಒಂದೇ ಏಟಿಗೆ ಕತ್ತರಿಸುತ್ತೇವೆ ಎಂದು ಆಗಾಗ ಯೋಚಿಸಿದ್ದೇನೆ. 2012ರಲ್ಲಿ ನಾನು ನಿವೃತ್ತನಾದಾಗ ತಿಂಗಳ ಕೊನೆಯ ದಿನದ ಸಂಜೆಯವರೆಗೆ ಪೂರ್ಣ ಅಧ್ಯಾಪಕ. ಮರುದಿನ ಬೆಳಿಗ್ಗೆ ಏನೂ ಅಲ್ಲ. ಮೂರ್ನಾಲ್ಕು ತಿಂಗಳು ಗಂಟೆ ಹತ್ತಾಗುತ್ತಲೇ ಕಾಲುಗಳು ತಾವಾಗಿಯೇ ಚಪ್ಪಲಿ ಹುಡುಕುತ್ತಿದ್ದವು. ಈಗ ನಿಮ್ಮಲ್ಲಿಯೂ ಅನೇಕರು ಆ ವಯಸ್ಸಿಗೆ ಬರುತ್ತಿದ್ದೀರಿ. ಕೈಲಾದರೆ ಕೊನೆಯ ಒಂದೆರಡು ವರ್ಷಗಳಲ್ಲಿಯೇ ಹೊರೆಯನ್ನು ಸ್ವಲ್ಪಸ್ವಲ್ಪವಾಗಿ ಕಿರಿಯರ ಹೆಗಲಿಗೆ ಸರಿಸಿರಿ, ಸಂಜೆಗಳನ್ನು ಬೇರೆ ಯಾವುದಾದರೂ ಪ್ರೀತಿಯ ಕೆಲಸಕ್ಕೆ ಒಗ್ಗಿಸಿಕೊಳ್ಳಿರಿ. ಒಳಗಿನ ಗ್ರಂಥಿ ಎಚ್ಚರಗೊಳ್ಳಲು ಕಾಲ ಬೇಕು.

2023ರ ಜೂನ್ ತಿಂಗಳಿನಲ್ಲಿ ಅಕ್ಕನ ಕ್ಯಾಲೆಂಡರಿನಲ್ಲಿ ಬೊಟ್ಟುಗಳು ಮುಗಿದವು. ಕೊನೆಯ ಎಂಟು ವಾರ ದಿನ ಬಿಟ್ಟು ದಿನ 2.5ರ ಒಂದು ಮಾತ್ರೆಯಿತ್ತು. ಆಮೇಲೆ ಅದೂ ಇಲ್ಲ. ಮುಖದ ಊತ ಅದಕ್ಕೂ ಮೊದಲೇ ಇಳಿದಿತ್ತು, ಸಕ್ಕರೆಯೂ ಹತೋಟಿಗೆ ಬಂದಿತ್ತು. ಮಾತ್ರೆ ನಿಂತ ಮೇಲೆ ಎರಡು ಮೂರು ತಿಂಗಳು ಪ್ರತಿ ಬೆಳಿಗ್ಗೆ ನಾವೆಲ್ಲರೂ ಹೇಳದೆಯೇ ಒಂದನ್ನೇ ಗಮನಿಸುತ್ತಿದ್ದೆವು: ಅವಳ ಕೈ ತಲೆಯವರೆಗೆ ಏಳುತ್ತದೆಯೇ? ಏಳುತ್ತಿತ್ತು. ಈಗಲೂ ಏಳುತ್ತದೆ. ಕೂದಲು ಮಾತ್ರ ವರ್ಷದಿಂದ ವರ್ಷಕ್ಕೆ ತೆಳುವಾಗುತ್ತಿದೆ. ಅದು ತಾನಾಗಿ ಆಗುವ ಟೇಪರ್, ಅದಕ್ಕೆ ಯಾರ ಚೀಟಿಯೂ ಬೇಕಿಲ್ಲ ಎಂದು ಅವಳೇ ತಮಾಷೆ ಮಾಡುತ್ತಾಳೆ.

ನಿಮ್ಮಲ್ಲಿ, ಅಥವಾ ನಿಮ್ಮ ಮನೆಯ ಹಿರಿಯರಲ್ಲಿ ಯಾರಾದರೂ ಇಂಥ ಮಾತ್ರೆಯನ್ನು ವಾರಗಟ್ಟಲೆ ತೆಗೆದುಕೊಳ್ಳುತ್ತಿದ್ದರೆ, ಗುಣವಾಯಿತೆಂದಾಗಲಿ, ಯಾರೋ ಹೆದರಿಸಿದರೆಂದಾಗಲಿ ತಾವಾಗಿಯೇ ನಿಲ್ಲಿಸಬೇಡಿರಿ. ಹೇಗೆ ಇಳಿಸಬೇಕೆಂದು ವೈದ್ಯರನ್ನೇ ಕೇಳಿರಿ. ಪ್ರತಿಯೊಬ್ಬರ ಮೆಟ್ಟಿಲುಗಳೂ ಬೇರೆ. ಇದನ್ನು ತಪ್ಪದೆ ಬರೆಯಬೇಕೆಂದು ಅಕ್ಕನ ಅಪ್ಪಣೆಯಾಗಿದೆ. ಬರೆದದ್ದನ್ನು ನಿನ್ನೆ ಅವಳಿಗೆ ಓದಿ ಹೇಳಿ, ಟೇಪರ್ ಎಂಬ ಮಾತನ್ನು ತೆಗೆದು ಎಲ್ಲ ಕಡೆಯೂ ‘ಜಡೆಯಿಳಿಕೆ’ ಎಂದು ಹಾಕಲೇ ಎಂದು ಕೇಳಿದೆ. ಅವಳು ಒಪ್ಪಲಿಲ್ಲ.

“ಟೇಪರ್ ಅಂತಲೇ ಇರಲಿ ಕಣೋ. ಜಡೆ ಅಂತ ಬರೆದರೆ ಔಷಧದ ಅಂಗಡಿಯವನಿಗೆ ತಿಳಿಯೋದಿಲ್ಲ.”